ದನದ ಮೇವು, ಎರಡು ಗುಂಟೆ ಹಸಿ ಹುಲ್ಲು, ನಮ್ಮ ಕಡಿ ತರಬೇತಿ: ಪದೇ ಪದೇ ಕೇಳೋ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಹಳ್ಳಿಗಳ್ದಾಗ ಮೇವಿನ ತರಬೇತಿ ಮಾಡ್ಲಿಕ್ಕ ಹೋದಾಗೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆ ಬರ್ತಾವ. ಒಬ್ಬೊಬ್ಬರಿಗೆ ವಾಟ್ಸಾಪ್‌ದಾಗ ವಾಯ್ಸ್ ಮೆಸೇಜ್ ಹಾಕಿ ಹಾಕಿ ಗಂಟಲಾ ಕಟ್ಟದ, ಅದ್ಕ ಒಂದೇ ಕಡಿ ಬರದ್ವಿ. ನಿಮ್ಮ ಪ್ರಶ್ನೆ ಇದ್ರಾಗ ಇಲ್ಲಂದ್ರ ಮುಂದಿನ ಸಲ ಊರಿಗಿ ಬಂದಾಗ ಕೇಳ್ರಿ.

ನಂದು ಒಂದೇ ಎಕರೆ ಹೊಲ, ಒಂದು ಆಕಳು ಒಂದು ಎಮ್ಮಿ ಅದ. ನಾ ಬರಬಹುದಾ?

ನಿಮ್ಮಂಥವ್ರಿಗೇ ಇದು. ಇಪ್ಪತ್ತು ಎಚ್ಎಫ್ (ಕಪ್ಪು ಬಿಳಿ ಸೀಮಿ ಆಕಳು) ಕಟ್ಟಿ ಡೈರಿ ಮಾಡವ್ರಿಗಿ ಬ್ಯಾರೆ ದಾರಿ ಅವ, ಅವ್ರ ಬಲ್ಲಿ ಡಾಕ್ಟರು, ಫೀಡ್ ಕಂಪನಿಯವ್ರು ತಾವೇ ಬರ್ತಾರ. ಎರಡು ದನ, ಒಂದು ಎಕರೆ, ಬೋರ್ ಇದ್ರೂ ಇಲ್ಲದಿದ್ರೂ ನಡೀತದ. ಹೊಲ ಇಲ್ಲದವ್ರೂ ಬರ್ರಿ, ಒಡ್ಡಿನ ಮ್ಯಾಲಿನ ಹುಲ್ಲು, ಬ್ಯಾರೇರ ಹೊಲದ ಹೊಟ್ಟು ಹ್ಯಾಂಗ ಕೆಡದಂಗ ಇಟ್ಕೋಬೇಕು ಅನ್ನೋದು ಅವ್ರಿಗೂ ಕೆಲಸಕ್ಕ ಬರ್ತದ.

ಎಷ್ಟು ದಿನ ಇರ್ತದ? ಏನು ಕಲಸ್ತೀರಿ?

ಒಂದೇ ಸಲ ಮೂರು ದಿನ ಕೂಡಿಸಿ ಪ್ರೊಜೆಕ್ಟರ್ ತೋರ್ಸೋದು ನಾವು ಬಿಟ್ಟೀವಿ, ಅದ್ರಾಗ ಅರ್ಧ ಜನ ನಿದ್ದಿ ಹೊಡೀತಾರ, ಮಿರಗದ ಮಳಿಯಾಗ ಹೇಳಿದ್ದು ಸುಗ್ಗಿ ಬರೋದ್ರಾಗ ಮರತಿರ್ತಾರ. ಈಗ ವರ್ಷಕ್ಕ ನಾಕು ಸಲ, ಅರ್ಧ ಅರ್ಧ ದಿನ, ಆಯಾ ಹಂಗಾಮಿಗಿ. ಕಾರ ಹುಣ್ಣಿಮಿ ಆಜೂಬಾಜೂ ಮೇವಿನ ಬೀಜ, ಕಡ್ಡಿ ಹಚ್ಚೋದು. ಮಳಿಗಾಲ ಮುಗಿಯುವಾಗ ಸೈಲೇಜ್, ಅಂದ್ರ ಹಸಿ ಮೇವು ಹುಳಿ ಹಿಡಿಸಿ ಇಡೋದು. ಎಳ್ಳಾಮಾಸಿ ಆದ ಮ್ಯಾಲ ತೊಗರಿ ಹೊಟ್ಟು, ಕಣಿಕಿ (ಜೋಳದ ಒಣ ದಂಟು) ಬಣವಿ. ಬ್ಯಾಸಿಗಿ ಶುರುವಿಗಿ ನೀರು, ಖನಿಜ ಮಿಶ್ರಣ, ಇದ್ದ ಮೇವು ಜೂನ್ ತನಕ ಹ್ಯಾಂಗ ಎಳೀಬೇಕು ಅನ್ನೋ ಲೆಕ್ಕ. ಎಲ್ಲಾ ಯಾರದಾದ್ರೂ ಕೊಟಗ್ಯಾಗ, ದನದ ಮುಂದೇ.

ಹೆಣ್ಣಮಕ್ಕಳನ್ನೂ ಕರಕೊಂಡು ಬರ್ರಿ ಅಂತೀರಿ, ಯಾಕ್ರಿ?

ಆಳಂದ ತಾಲೂಕಿನ ಒಂದು ಊರಾಗ ಮೊದಲ ತರಬೇತಿಗಿ ಇಪ್ಪತ್ತೆರಡು ಜನ ಗಂಡಸರು ಬಂದಿದ್ರು, ನಮಗ ಭಾಳ ಖುಷಿ. ನಡು ಒಂದು ಮಾತು ಕೇಳಿದ್ವಿ: ನಿಮ್ಮ ಎಮ್ಮಿಗಿ ದಿನಾ ಎಷ್ಟು ಹಿಂಡಿ ಹಾಕ್ತೀರಿ? ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಹಿಂದ ಕುಂತ ಒಬ್ಬ ಕಾಕಾ ಅಂದ, "ಅದು ನಮ್ಮಾಕಿಗಿ ಕೇಳ್ಬೇಕ್ರಿ." ತಪ್ಪು ನಮ್ದು. ಮುಂಜಾನಿ ಎದ್ದು ಹೆಂಡಿ ಬಳದು, ಗ್ವಾದಲಿಗಿ ಮೇವು ಹಾಕಿ, ಹಿಂಡಿ ನೆನಸಿ, ಹಾಲು ಹಿಂಡಿ ಡೈರಿಗಿ ಕಳಸಾಕಿ ಆಕಿ, ನಾವು ಕಲಸಿದ್ದು ಆತಗ. ಅವತ್ತಿಂದ ಟೈಮ್ 11ರಿಂದ 1 ಅಂತ ಇಟ್ಟೀವಿ, ಮನಿ ಕೆಲಸ ಮುಗದಿರ್ತದ. ಗಂಡ ಹೆಂಡ್ತಿ ಇಬ್ಬರೂ ಬಂದ್ರ ಇನ್ನೂ ಛಲೋ, ಯಾಕಂದ್ರ ಎರಡು ಗುಂಟೆ ಮೇವಿಗಿ ಬಿಡೋ ಮಾತು ಆತಂದು, ಅದನ್ನ ಕೊಯ್ದು ಹಾಕೋ ಮಾತು ಆಕಿದು.

ನಮ್ಮ ಬಲ್ಲಿ ಕಣಿಕಿ, ತೊಗರಿ ಹೊಟ್ಟು ಬಿಟ್ರ ಏನೂ ಇಲ್ಲ. ಹೊಸದು ಏನು ಖರೀದಿ ಮಾಡ್ಬೇಕು?

ಮೊದಲಿಗಿ ಏನೂ ಮಾಡಬ್ಯಾಡ್ರಿ. ತರಬೇತಿದಾಗ ನಾವು ಹೊಡಕೊಂಡು ಹೇಳೋದು ಇದೊಂದೇ, ತರೋದ್ಕಿಂತ ಮೊದಲ ಕೆಡೋದು ನಿಲ್ಲಸ್ರಿ. ಹಿಂಗಾರಿ ಬಿಳಿಜೋಳದ ಕಣಿಕಿ, ಅದ್ರಾಗೂ ಮಾಲ್ದಂಡಿದು, ಒಣ ಮೇವಿನ್ಯಾಗ ಛಲೋ ಮೇವು. ಈಗ ಜೋಳ ಬಿತ್ತೋರು ಕಡಿಮಿ ಆಗ್ಯಾರ, ಕಣಿಕಿಗಿ ರೇಟ್ ಬಂದದ, ಆದ್ರೂ ಬಣವಿ ಮ್ಯಾಲ ಒಂದು ತಾಡಪತ್ರಿ ಹಾಕಲಾರದೆ ಅಕಾಲ ಮಳಿಗಿ ತೊಯ್ಸಿ ಕರ್ರಗ ಮಾಡ್ಕೋತೀವಿ. ಬಣವಿ ಕೆಳಗ ಕಲ್ಲು ಇಲ್ಲಾ ತೊಗರಿ ಕಟ್ಟಿಗಿ ಹಾಸ್ರಿ, ನೆಲದ ತಂಪು ಏರಬಾರ್ದು, ಮ್ಯಾಲ ಇಳಿಜಾರ ಇಡ್ರಿ.

ತೊಗರಿ ಹೊಟ್ಟು ಅಂದ್ರ ಕಣಿಕಿಗಿಂತ ಪ್ರೋಟೀನ್ ಜಾಸ್ತಿ ಇರೋ ಮಾಲ್. ಜಗತ್ತಿಗೆಲ್ಲ ಬ್ಯಾಳಿ ಕೊಡೋ ಜಿಲ್ಲೆ ನಮ್ದು, ಕಲಬುರಗಿ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗೂ (ಊರ ಹೆಸರಿನ ಅಧಿಕೃತ ಗುರುತು) ಬಂತು, ಆದ್ರ ರಾಶಿ ಆದ ಮ್ಯಾಲ ಹೊಟ್ಟು ಗಾಳಿಗಿ ಹಾರಿ ಒಡ್ಡಿಗಿ ಬಿದ್ದಿರ್ತದ. ಚೀಲದಾಗ ತುಂಬಿ ಮಾಳಿಗಿ ಮ್ಯಾಲ ಇಡ್ರಿ. ಹಾಕುವಾಗ ಧೂಳ ಜಾಡ್ಸಿ, ಜರಾ ನೀರು ಚಿಮಕಿಸಿ ಕಣಿಕಿ ಜೊತಿ ಕಲಸ್ರಿ. ಬೂಸರ ಹಿಡದಿದ್ರ ಹಾಕಲೇಬ್ಯಾಡ್ರಿ. ಬೀದರ ಕಡಿ ಸೋಯಾಬೀನ್ ಹೊಟ್ಟು ಅದ, ಕಡ್ಡಿ ಒರಟು ಇರ್ತದ, ಅದೊಂದನ್ನೇ ಹಾಕಿದ್ರ ದನ ಮೂಸಿ ನೋಡಿ ಮಾರಿ ತಿರುಗಸ್ತಾವ, ಕಲಸಿ ಹಾಕ್ರಿ.

ಕಟಿಂಗ್ ಮಷೀನ್ ತಗೋಬೇಕಾ?

ಎರಡು ದನಕ್ಕ ಕರೆಂಟ್ ಮಷೀನ್ ಬ್ಯಾಡ, ಕೈಲೆ ತಿರುವೋದು ಸಾಕು, ನಾಕು ಮನಿಯವ್ರು ಕೂಡಿ ತಗೊಂಡ್ರೂ ನಡೀತದ. ಇಡೀ ಕಣಿಕಿ ಹಾಕಿದ್ರ ದನ ಎಲಿ ಜಗ್ಗಿ ತಿಂದು ದಂಟು ಕಾಲಾಗ ತುಳೀತಾವ, ಕತ್ತರಿಸಿ ಹಾಕಿದ್ರ ಅದು ಉಳೀತದ. ಒಮ್ಮೆ ಪರೀಕ್ಷೆ ಮಾಡ್ರಿ: ಇವತ್ತು ಹಾಕಿದ್ದು ತೂಗ್ರಿ, ನಾಳಿ ಮುಂಜಾನಿ ಕಸ ಹೊಡಿಯುವಾಗ ತಿಪ್ಪಿಗಿ ಹೋಗೋದನ್ನ ತೂಗ್ರಿ. ಭಾಳ ಮನ್ಯಾಗ ಮೂರ್ನಾಕು ಸೂಡಿಗಿ ಒಂದು ಸೂಡು ತಿಪ್ಪಿಗೇ ಹೊಂಟಿರ್ತದ.

ಒಂದಿಂಚಿನಷ್ಟು ಕತ್ತರಸ್ರಿ. ಪುಡಿ ಪುಡಿ ಮಾಡಬ್ಯಾಡ್ರಿ, ಮೆಲಕು ಹಾಕೋದು ಕಮ್ಮಿ ಆಗಿ ಫ್ಯಾಟ್ ಬೀಳ್ತದ, ಡೈರಿದಾಗ ಫ್ಯಾಟ್ ನೋಡೇ ರೊಕ್ಕ ಕೊಡ್ತಾರ. ಮತ್ತ ಒಂದು ಮಾತು, ಮಷೀನಿನ ಬಾಯಾಗ ಸೀರಿ ಸೆರಗು, ಸಣ್ಣ ಹುಡುಗರ ಕೈ ಹೋಗದಂಗ ನೋಡ್ಕೋರಿ.

ದಿನಕ್ಕ ಎಷ್ಟು ಹಾಕಬೇಕು? ಅಂದಾಜು ಬ್ಯಾಡ, ಲೆಕ್ಕ ಹೇಳ್ರಿ.

ಲೆಕ್ಕಕ್ಕ ಮೊದಲ ದನದ ತೂಕ ಗೊತ್ತಾಗ್ಬೇಕು, ಅದ್ಕ ಟೇಲರ್ ಟೇಪ್ ಸಾಕು. ಮುಂಗಾಲಿನ ಹಿಂದ ಎದಿ ಸುತ್ತ ಎಷ್ಟು ಇಂಚ್ ಅದ ಅಳೀರಿ, ಆಮ್ಯಾಲ ಭುಜದ ಮೂಲಿಂದ ಹಿಂದಿನ ಕುಂಡಿ ಎಲುಬಿನ ತನಕ ಉದ್ದ. ಸುತ್ತಳತಿ ಗುಣಿಲೆ ಸುತ್ತಳತಿ ಗುಣಿಲೆ ಉದ್ದ, ಬಂದದ್ದನ್ನ 660ರಿಂದ ಭಾಗ ಮಾಡ್ರಿ, ಕೆಜಿ ಬರ್ತದ. ಸುತ್ತ 64, ಉದ್ದ 54 ಇದ್ರ 335 ಕೆಜಿ. ಮೊಬೈಲ್ ಕ್ಯಾಲ್ಕುಲೇಟರ್ ಅದ ಅಲ್ಲ.

ಹಾಲು ಹಿಂಡೋ ದನ ತೂಕದ ನೂರಕ್ಕ 3ರಷ್ಟು ಒಣ ಅಂಶ ತಿನ್ನಬೇಕು, ಅಂದ್ರ ಈ ಆಕಳಿಗಿ ಹತ್ತು ಕೆಜಿ. ಹಸಿ ಮೇವಿನ್ಯಾಗ ಐದು ಪಾಲಿನ್ಯಾಗ ನಾಕು ಪಾಲು ನೀರೇ ಇರ್ತದ, ಹಿಂಗಾಗಿ 15 ಕೆಜಿ ಹಸಿ ಹಾಕಿದ್ರ ಒಣ ಅಂಶ ಮೂರೇ ಕೆಜಿ. ಅದ್ರ ಜೊತಿ ನಾಕೂವರಿ ಕೆಜಿ ಕಣಿಕಿ. ಉಳದದ್ದು ದಾಣಿ (ನುಚ್ಚು, ಹಿಂಡಿ, ತೌಡು ಕಲಸಿದ್ದು): ಮೈ ಉಳಸ್ಕೊಳ್ಳಿಕ್ಕ 1 ಕೆಜಿ, ಆಮ್ಯಾಲ ಲೀಟರ್ ಹಾಲಿಗಿ ಆಕಳಾದ್ರ 400 ಗ್ರಾಂ, ಎಮ್ಮಿಗಿ 500 ಗ್ರಾಂ. ಆರು ಲೀಟರ್ ಆಕಳಿಗಿ ಮೂರುವರಿ ಕೆಜಿ ಹತ್ರ. ಎರಡು ಹೊತ್ತು ಹಂಚಿ ಹಾಕ್ರಿ. ಎರಡು ಲೀಟರ್ ಕೊಡೋದಕ್ಕೂ ಎಂಟು ಲೀಟರ್ ಕೊಡೋದಕ್ಕೂ ಅದೇ ಬಕೀಟ್ ಹಾಕೋ ಮನಿ ಭಾಳ ನೋಡೀವಿ, ಒಂದು ಸೊರಗ್ತದ ಇನ್ನೊಂದು ಸುಮ್ನೆ ದಪ್ಪ ಆಗ್ತದ.

ಅಂಗಡಿ ಫೀಡ್ ತುಟ್ಟಿ ಆಗ್ಯಾದ. ಮನ್ಯಾಗೇ ಮಾಡ್ಕೋಬಹುದಾ?

ಮಾಡ್ಕೋಬಹುದು. ನಮ್ಮ ಕಡಿ ಒಂದು ಅನುಕೂಲ ಅಂದ್ರ ದಾಲ್ ಮಿಲ್, ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡಿ ಹೋದ್ರ ತೊಗರಿ ಚುನ್ನಿ (ಬ್ಯಾಳಿ ಒಡದಾಗ ಉಳಿಯೋ ಸಿಪ್ಪಿ, ನುಚ್ಚು) ಸಿಗ್ತದ. ನೂರು ಕೆಜಿಗಿ 35 ಕೆಜಿ ಗೊಂಜೋಳ ಇಲ್ಲಾ ಜೋಳದ ನುಚ್ಚು, 30 ಕೆಜಿ ಹಿಂಡಿ, 32 ಕೆಜಿ ಚುನ್ನಿ ತೌಡು ಕೂಡಿ, 2 ಕೆಜಿ ಖನಿಜ ಮಿಶ್ರಣ, 1 ಕೆಜಿ ಉಪ್ಪು. ಹಿಂಡಿದಾಗ ಅರ್ಧ ಹತ್ತಿಕಾಳಿಂದು, ಅರ್ಧ ಶೇಂಗಾ ಇಲ್ಲಾ ಕುಸುಬಿದು ಇರ್ಲಿ. ಶೇಂಗಾ ಹಿಂಡಿ ಮೂಸಿ ನೋಡಿ ತಗೋರಿ, ಬೂಸರ ವಾಸನಿ ಬಂದ್ರ ಫುಕಟ್ ಕೊಟ್ರೂ ಬ್ಯಾಡ, ಅದ್ರಾಗಿನ ವಿಷ ಹಾಲಿಗೂ ಇಳೀತದ. ಒಮ್ಮೆಲೆ ಹಳೇ ಫೀಡ್ ಬಿಟ್ಟು ಹೊಸದು ಹಾಕಬ್ಯಾಡ್ರಿ, ಎಂಟು ಹತ್ತು ದಿನ ಚೂರು ಚೂರು ಬದಲಿ ಮಾಡ್ರಿ.

ನೇಪಿಯರ್ ಹುಲ್ಲು ಎಷ್ಟು ಗುಂಟೆ ಹಚ್ಚಬೇಕು?

ಬುಕ್ಕಿನ್ಯಾಗ ಎಕರೆಗೆ ವರ್ಷಕ್ಕ 150 ಟನ್ ತನಕ ಬರದಿರ್ತಾರ, ನೀರು ಗೊಬ್ಬರ ತಪ್ಪದಂಗ ಕೊಟ್ರ ಆ ಲೆಕ್ಕ. ನಮ್ಮ ಏಪ್ರಿಲ್ ಮೇ ಬಿಸಿಲಿಗಿ ಅದ್ರ ಅರ್ಧ ಹಿಡ್ಕೋರಿ, ಗುಂಟೆಗಿ ದಿನಕ್ಕ ಐದು ಕೆಜಿ ಬಿತ್ತು. ಒಂದು ಆಕಳಿಗಿ ಮೂರು ನಾಕು ಗುಂಟೆ. ಎರಡೇ ಗುಂಟೆ ಅದ ಅಂದ್ರ ಎರಡೇ ಹಚ್ರಿ, ಇಲ್ಲದ್ದಕಿಂತ ಛಲೋ.

ಸಿಓ-4, ಸಿಓ-5, ಧಾರವಾಡದ ಮೇವಿನ ಸಂಶೋಧನಾ ಕೇಂದ್ರದ ಡಿಎಚ್ಎನ್-6 ಈ ತಳಿ ನಡೀತಾವ. ಎರಡು ಮೂರು ಗೆಣ್ಣಿನ ಕಡ್ಡಿ, ಎರಡು ಅಡಿಗೊಂದು, ಒಂದು ಗೆಣ್ಣು ಮಣ್ಣಾಗ ಇರಬೇಕು. ಮೊದಲ ಕೊಯ್ಲು 70-75 ದಿನಕ್ಕ, ಆಮ್ಯಾಲ 40-45 ದಿನಕ್ಕೊಮ್ಮೆ, ನೆಲಕ್ಕ ಹತ್ತಿ ಕೊಯ್ರಿ. ಕೊಟಗಿ ತೊಳದ ನೀರು, ಬಚ್ಚಲ ನೀರು ಅತ್ತಲಾಗೇ ತಿರುಗಸ್ರಿ, ಯೂರಿಯಾ ಖರ್ಚು ಕಡಿಮಿ ಆಗ್ತದ. ಆಳೆತ್ತರ ಬೆಳೀತು ನೋಡ್ರಿ ಅಂತ ಫೋಟೋ ಕಳಸ್ತಾರ ಕೆಲವರು, ಅಷ್ಟು ಬಿಟ್ರ ದಂಟು ಬಲೀತದ, ಫೋಟೋಕ್ಕ ಚಂದ, ದನಕ್ಕ ಕಟ್ಟಿಗಿ.

ನೇಪಿಯರ್ ಒಂದೇ ಹಾಕಿದ್ರ ಅದ್ರಾಗಿನ ಆಕ್ಸಲೇಟ್ ಅನ್ನೋದು ಸುಣ್ಣದ ಅಂಶ (ಕ್ಯಾಲ್ಸಿಯಂ) ಹಿಡ್ಕೋತದ, ದನದ ಮೈಗಿ ಹತ್ತಗೊಡಲ್ಲ. ಅದ್ಕ ಮೂರು ಪಾಲು ನೇಪಿಯರ್, ಒಂದು ಪಾಲು ಅಲಸಂದಿ, ಬೇಲಿ ಮೆಂತಿ, ಕುದುರಿ ಮೆಂತಿ ಇಂಥದ್ದು ಇರ್ಲಿ. ಕಬ್ಬಿನ ಸೋಗಿ ಹಾಕವ್ರಿಗೂ ಇದೇ ಮಾತು, ಖನಿಜ ಮಿಶ್ರಣ ತಪ್ಪಸಬ್ಯಾಡ್ರಿ.

ಬೋರ್ ಇಲ್ಲ. ಬರೇ ಮಳಿ ಮ್ಯಾಲ ಏನ್ ಬೆಳೀಬೇಕು?

ಮಿರಗದ ಮಳಿಗಿ ಮೇವಿನ ಜೋಳ ಇಲ್ಲಾ ಆಫ್ರಿಕನ್ ಟಾಲ್ ಗೊಂಜೋಳ, ಎರಡು ಸಾಲಿಗಿ ಒಂದು ಸಾಲು ಅಲಸಂದಿ. ಸಿಓಎಫ್ಎಸ್-29, 31 ಅನ್ನೋ ಕೊಯ್ದಂಗ ಚಿಗಿಯೋ ಜೋಳ ಎಕರೆಗೆ ಎರಡೇ ಕೆಜಿ ಬೀಜ ಸಾಕು, ಕಾಳು ಭಾಳ ಸಣ್ಣವು, ಆಳ ಬಿತ್ತಿದ್ರ ಮ್ಯಾಲ ಏಳಲ್ಲ. ಹೊಲದ ತುಂಬ ತೊಗರಿನೇ ಬೇಕು ಅನ್ನವ್ರು ಒಡ್ಡಿನ ಮ್ಯಾಲ ಗ್ಲಿರಿಸಿಡಿಯಾ, ಸುಬಾಬುಲ್, ನುಗ್ಗಿ ಹಚ್ರಿ, ತೊಗರಿಗಿ ಅಡ್ಡಿ ಆಗಲ್ಲ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಪಾಲಿಗಿಂತ ಮ್ಯಾಲ ಹೋಗಬಾರ್ದು.

ಕುದುರಿ ಮೆಂತಿ ಹಾಕಿದ್ವಿ, ಕೊಳತು ಹೋಯ್ತು.

ಎರಿ ಮಣ್ಣಾಗ ನೀರು ನಿಂತಿರ್ತದ, ಅದ್ಕ ನೀರು ಇಂಗಿ ಹೋಗೋ ನೆಲ ಬೇಕು. ಬೀದರದ ಕೆಂಪು ಮಣ್ಣಾಗ ಪ್ರಯತ್ನ ಮಾಡಬಹುದು, ಎರಿ ಇದ್ದವ್ರು ಬೇಲಿ ಮೆಂತಿ ಹಾಕ್ರಿ.

ಸೈಲೇಜ್ ಅಂದ್ರ ಏನು? ನಮ್ಮಂಥವ್ರಿಂದ ಆಗ್ತದಾ?

ಹಸಿ ಮೇವಿನ ಉಪ್ಪಿನಕಾಯಿ ಅಂತ ತಿಳ್ಕೋರಿ, ಗಾಳಿ ತಾಗದಂಗ ಇಟ್ರ ತಾನೇ ಹುಳಿ ಆಗಿ ಕೆಡಲಾರದೆ ಉಳೀತದ. ಗೊಂಜೋಳ ತೆನಿ ಹಾಲುಗಾಳು ದಾಟಿ ಹಿಟ್ಟು ಕಟ್ಟುವಾಗ ಕೊಯ್ದು, ಒಂದಿಂಚು ಕತ್ತರಿಸಿ, ತುಳದು ತುಳದು ತುಂಬಬೇಕು. 45 ದಿನ ಮುಟ್ಟಬಾರ್ದು.

ನಮ್ಮ ಮೊದಲನೇ ಸೈಲೇಜ್ ಹಾಳಾಯ್ತು, ಮುಚ್ಚಿಡೋದು ಏನದ. ಎರಿ ಹೊಲದಾಗ ಗುಂಡಿ ತೋಡಿ ತುಂಬಿದ್ವಿ, ಹಸ್ತದ ಮಳಿಗಿ ಬದಿಲಿಂದ ನೀರು ಜಿನಗಿತು, ತಗದಾಗ ಕರ್ರಗ, ಮೂಗು ಮುಚ್ಕೋಬೇಕು ಅಂಥ ವಾಸನಿ, ಊರ ಮಂದಿ ಮುಂದ ಮಾನ ಹೋಯ್ತು. ಅಲ್ಲಿಂದ ಎರಿ ಮಣ್ಣಾಗ ಗುಂಡಿ ಬ್ಯಾಡ ಅಂತೀವಿ. ಒಳಗ ಪ್ಲಾಸ್ಟಿಕ್ ಇರೋ ಚೀಲ ಇಲ್ಲಾ ನೆಲದ ಮ್ಯಾಲ ಗ್ವಾಡಿ ಕಟ್ಟಿದ ತೊಟ್ಟಿ. ಐದಡಿ ಅಗಲ, ಐದಡಿ ಉದ್ದ, ನಾಕಡಿ ಎತ್ತರ ಇದ್ರ ಒಂದೂವರಿ ಟನ್ ಹಿಡೀತದ, ದಿನಕ್ಕ 15 ಕೆಜಿಯಂಗ ಒಂದು ಆಕಳಿಗಿ ಮೂರು ತಿಂಗಳು, ಅಂದ್ರ ಪೂರಾ ಬ್ಯಾಸಿಗಿ.

ನೀರಿನಂಶ ನೋಡ್ಲಿಕ್ಕ ಮಷೀನ್ ಬ್ಯಾಡ. ಶಹಾಪುರ ಕಡಿ ಒಬ್ಬಾಕಿ ಅವ್ವಗ ಹೇಳಿಕೊಟ್ಟಿದ್ವಿ, ಈಗ ಆಕೀನೇ ಊರಿಗೆಲ್ಲ ಮಾಸ್ತರ್ಣಿ. ಕತ್ತರಿಸಿದ ಮೇವು ಮುಷ್ಟಿದಾಗ ಹಿಡದು ಒತ್ತತಾಳ, ರೊಟ್ಟಿ ಹಿಟ್ಟು ನೋಡ್ದಂಗ. ಬೆರಳ ಸಂದ್ಯಾಗಿಂದ ನೀರು ಸೋರಿದ್ರ "ಇನ್ನೊಂದು ಒಪ್ಪತ್ತು ಒಣಗಲಿ", ಕೈ ಬಿಟ್ಟ ಕೂಡಲೇ ಉದುರಿದ್ರ "ಒಣಗೇದ, ನೀರು ಹೊಡಿ", ಉಂಡಿ ಆಗಿ ನಿಂತು ಸಾವಕಾಶ ಬಿಚ್ಚಿದ್ರ "ತುಂಬು". ಚೀಲ ಬಿಚ್ಚಿದ ದಿನ ಹುಳಿ ಮಜ್ಜಿಗಿ ವಾಸನಿ, ಬಣ್ಣ ಹಳದಿ ಹಸರು. ಮೊದಲ ದಿನ ಎಮ್ಮಿ ಮಾರಿ ತಿರುಗಿಸಿತ್ತು, ಮೂರನೇ ದಿನ ಚೀಲ ಕಂಡ್ರ ಹಗ್ಗ ಜಗ್ತಿತ್ತು. ಚೀಲಕ್ಕ ಇಲಿ ತೂತು ಮಾಡದಂಗ ನೋಡ್ಕೋಬೇಕು, ಅದೇ ದೊಡ್ಡ ಕಾಟ.

ಅಜೋಲಾ ಹ್ಯಾಂಗ?

ಅಜೋಲಾ ಅಂದ್ರ ನೀರಿನ ಮ್ಯಾಲ ತೇಲಿ ಬೆಳಿಯೋ ಸಣ್ಣ ಹಸರು ಸಸಿ, ಮೊಬೈಲ್ ವಿಡಿಯೋದಾಗ ತೋರಿಸಿದಷ್ಟು ಸಲೀಸ ಇಲ್ಲ. ಮಳಿಗಾಲ, ಚಳಿಗಾಲದಾಗ ಬರ್ತದ, 42 ಡಿಗ್ರಿ ಬಿಸಿಲಿಗಿ ನೆರಳಿಲ್ಲಂದ್ರ ಸುಟ್ಟು ಹೋಗ್ತದ. ನೀರು ಬಿಂದಿಗಿಲೆ ಹೊತ್ತು ತರೋ ಮನಿಯವ್ರಿಗಿ ನಾವು ಹೇಳಲ್ಲ.

ಭತ್ತದ ಹುಲ್ಲು ಸುಡ್ತೀವಿ. ಅದ್ರಾಗ ಏನದ?

ಸುರಪುರ, ಶಹಾಪುರ ಕಡಿ ನಾರಾಯಣಪುರ ಕಾಲುವಿ ನೀರಿಗಿ ಭತ್ತ ಬೆಳಿಯವ್ರ ಪ್ರಶ್ನೆ ಇದು. ಸುಡಬ್ಯಾಡ್ರಿ, ಯೂರಿಯಾ ಉಪಚಾರ ಮಾಡ್ರಿ. 100 ಕೆಜಿ ಹುಲ್ಲಿಗಿ 4 ಕೆಜಿ ಯೂರಿಯಾ, 50 ಲೀಟರ್ ನೀರಾಗ ಪೂರಾ ಕರಗಿಸಿ ಪದರ ಪದರಾಗಿ ಚಿಮಕಿಸಿ, ತುಳದು, ಪ್ಲಾಸ್ಟಿಕ್ ಹೊಚ್ಚಿ 21 ದಿನ ಬಿಡ್ರಿ. ತಗದ ಮ್ಯಾಲ ಒಂದು ತಾಸು ಗಾಳಿಗಿ ಹರವಿ ಹಾಕ್ರಿ. ಆರು ತಿಂಗಳ ಒಳಗಿನ ಕರಕ್ಕ ಬ್ಯಾಡ. ಮತ್ತ ದಯಮಾಡಿ ಅಳತಿ ಇಲ್ಲದೆ ಮಾಡಬ್ಯಾಡ್ರಿ, ಯೂರಿಯಾ ನೀರಿನ ಬಕೀಟ್ ದನದ ಬಾಯಿಗಿ ಸಿಗೋ ಜಾಗಾದಾಗ ಇಡಬ್ಯಾಡ್ರಿ, ಕುಡದ್ರ ಸಾಯ್ತಾವ.

ಜೋಳದ ಹೊಲಕ್ಕ ಹೊಕ್ಕ ಆಕಳು ಅಲ್ಲೇ ಬಿತ್ತು. ದೃಷ್ಟಿ ಆಯ್ತು ಅಂದ್ರು.

ದೃಷ್ಟಿ ಅಲ್ಲ, ಸಯನೈಡ್. ಎಳೀ ಜೋಳ, ಮಳಿ ಇಲ್ಲದೆ ಬಾಡಿದ ಜೋಳ, ಕೊಯ್ದ ಮ್ಯಾಲ ಚಿಗತ ಕೂಳಿ, ಈ ಮೂರರಾಗ ವಿಷ ಜಾಸ್ತಿ. ಹೂವು ಬಿಡೋ ತನಕ ಹಸೀದು ಹಾಕಬ್ಯಾಡ್ರಿ. ಒಣಗಿಸಿದ್ರ ಕಡಿಮಿ ಆಗ್ತದ, ಕಣಿಕಿಗಿ ಹೆದರಬೇಕಾಗಿಲ್ಲ. ತಿಂದ ಸ್ವಲ್ಪ ಹೊತ್ತಿನ್ಯಾಗೇ ಏದುಸಿರು, ಬಾಯಾಗ ನೊರಿ, ನಡಿಯುವಾಗ ತೂರಾಡಿ ಬೀಳೋದು. ಇಂಜೆಕ್ಷನ್ ಅದ, ಆದ್ರ ಟೈಮ್ ಇಲ್ಲ, 1962ಕ್ಕ (ದನದ ಆಂಬುಲೆನ್ಸ್ ನಂಬರ್) ಫೋನ್ ಹಚ್ರಿ, ಊರ ಡಾಕ್ಟರಿಗೂ ಹಚ್ರಿ. ಕೀಡಿಗಿ ಎಣ್ಣಿ ಹೊಡದ ತೊಗರಿ ಸೊಪ್ಪು, ಎಣ್ಣಿ ಕಲಸಿದ ಡ್ರಮ್ಮಿನ ನೀರು, ಇವೂ ಅಷ್ಟೇ ಡೇಂಜರ್.

ಮದುವಿ ಅನ್ನ ಉಳದಿತ್ತು, ದನಕ್ಕ ಹಾಕಿದ್ರ ಪುಣ್ಯ ಅಲ್ಲೇನ್ರಿ?

ಒಂದು ಹಿಡಿ ಹಾಕಿದ್ರ ಪುಣ್ಯ, ಒಂದು ಬುಟ್ಟಿ ಹಾಕಿದ್ರ ಹೊಟ್ಟ್ಯಾಗ ಹುಳಿ ಏರಿ ದನ ಮಲಗ್ತದ. ಹೋಳಗಿ, ಜೋಳದ ರಾಶಿ ಎಲ್ಲಾಕ್ಕೂ ಇದೇ. ಪ್ರತಿ ವರ್ಷ ಲಗ್ನದ ಸೀಜನ್‌ದಾಗ ಡಾಕ್ಟರಿಗಿ ಇದೇ ಕೆಲಸ.

ಖನಿಜ ಮಿಶ್ರಣ ಅಷ್ಟು ಜರೂರ ಏನು?

ಬೆದಿಗಿ ಬರಲಾರದ ಮಣಕ, ಪದೇ ಪದೇ ಸೂಜಿ ಹಾಕಿಸಿದ್ರೂ ಗಬ್ಬ ನಿಲ್ಲಲಾರದ ಆಕಳು, ಗ್ವಾಡಿ ನೆಕ್ಕೋ, ಚಪ್ಪಲ್ ತಿನ್ನೋ ಎಮ್ಮಿ ಕಂಡ್ರ ಮೊದಲ ಇದನ್ನೇ ಕೇಳ್ತೀವಿ. ದೊಡ್ಡ ದನಕ್ಕ ದಿನಕ್ಕ 50 ಗ್ರಾಂ, ಕರಕ್ಕ 20-25. ಕಿರಾಣಿ ಅಂಗಡ್ಯಾಗ ಒಮ್ಮೆ ತೂಗಿಸಿ ಒಂದು ಡಬ್ಬಿಗಿ ಗೀಟು ಹಾಕ್ಕೋರಿ, ದಿನಾ ಆ ಗೀಟಿನ ತನಕ. ಎಲ್ಲಾ ರೋಗಕ್ಕೂ ಇದೇ ಮದ್ದು ಅಂತಲ್ಲ, ಆದ್ರ ಅಗ್ಗದ ಕೆಲಸ.

ಎಮ್ಮಿ ಕರ ಭಾಳ ಸಾಯ್ತಾವ.

ಈದ ಒಂದು ತಾಸಿನ ಒಳಗ ಗಿಣ್ಣದ ಹಾಲು ಕುಡಸ್ರಿ, ಮಾಸ ಬೀಳೋ ತನಕ ಕಾಯಬ್ಯಾಡ್ರಿ. ಕರದ ತೂಕದ ಹತ್ತನೇ ಒಂದು ಪಾಲು ಮೊದಲ ದಿನ ಹೊಟ್ಟಿಗಿ ಹೋಗಬೇಕು, 25 ಕೆಜಿ ಕರಕ್ಕ ಎರಡೂವರಿ ಲೀಟರ್. ಗಿಣ್ಣ ಮಾಡಿ ಓಣಿಗಿ ಹಂಚೋದು ಆಮ್ಯಾಲ.

ನಮ್ಮಲ್ಲಿ ದೇವಣಿ ಅವ. ಇವಕ್ಕೂ ಇಷ್ಟೆಲ್ಲ ಬೇಕಾ?

ಹಾಲು ಕಡಿಮಿ, ದಾಣಿನೂ ಕಡಿಮಿ ಸಾಕು. ನಮ್ಮ ಬಿಸಿಲು, ನಮ್ಮ ಕಣಿಕಿ ತಡ್ಕೋಳೋ ತಳಿ ಅದು. ಖರೆ ಹೇಳ್ಬೇಕಂದ್ರ ನೀರಿಲ್ಲದ ಊರಾಗ ಸಾಲ ಮಾಡಿ ಎಚ್ಎಫ್ ತರೋದ್ಕಿಂತ ಒಂದು ಛಲೋ ದೇವಣಿ ವಾಸಿ ಅಂತ ನಮ್ಮ ಅನಿಸಿಕಿ, ಒಪ್ಪದವ್ರೂ ಇದ್ದಾರ. ಬೀದರ ಜಿಲ್ಲೆ ಕಟ್ಟಿತೂಗಾಂವದಾಗ ಪಶು ವಿಶ್ವವಿದ್ಯಾಲಯದ ದೇವಣಿ ಕೇಂದ್ರ ಅದ, ಹೋಗಿ ನೋಡ್ರಿ. ದುಡಿಯೋ ಎತ್ತಿಗಿ ಬಿತ್ತಿಗಿ ಹಂಗಾಮಿನ್ಯಾಗ ಒಂದೂವರಿ ಎರಡು ಕೆಜಿ ದಾಣಿ ಕೊಡ್ರಿ, ಕಾರ ಹುಣ್ಣಿಮಿ ದಿನ ಒಂದೇ ದಿನ ಮೆರಸಿದ್ರ ಸಾಲಲ್ಲ.

ಬ್ಯಾಸಿಗ್ಯಾಗ ಹಾಲು ಇಳೀತದ.

ಮೇವಿಗಿಂತ ಮೊದಲ ನೀರು ನೋಡ್ರಿ. ಹಿಂಡೋ ದನಕ್ಕ ಬಿಸಿಲಾಗ 60-80 ಲೀಟರ್ ಬೇಕು, ನಾವು ಮುಂಜಾನಿ ಸಂಜಿಗಿ ಒಂದೊಂದು ಬಕೀಟ್ ತೋರಸ್ತೀವಿ. ನೆರಳಾಗ ನೀರು ಯಾವಾಗ್ಲೂ ಇರ್ಲಿ. ಮೇವು ಮುಂಜಾನಿ ತಂಪಿನ್ಯಾಗ, ರಾತ್ರಿ ಜಾಸ್ತಿ ಹಾಕ್ರಿ, ನಡು ಮಧ್ಯಾಹ್ನ ತಿನ್ನಲ್ಲ.

ಬೀಜ, ಕಡ್ಡಿ ಎಲ್ಲಿ ಸಿಗ್ತಾವ?

ನಿಮ್ಮ ತಾಲೂಕಿನ ಪಶು ಆಸ್ಪತ್ರಿದಾಗ ಮೇವಿನ ಬೀಜದ ಕಿಟ್ ಬಂದದಾ ಕೇಳ್ರಿ, ಮಿರಗಕ್ಕಿಂತ ಮೊದಲೇ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆದ ಕವಡಿಮಟ್ಟಿ, ಮೂರು ಕಡಿನೂ ಕೃಷಿ ವಿಜ್ಞಾನ ಕೇಂದ್ರ ಅವ, ವಿಚಾರಸ್ರಿ. ನೇಪಿಯರ್ ಕಡ್ಡಿ ಮಾತ್ರ ರೊಕ್ಕ ಕೊಟ್ಟು ಆನ್‌ಲೈನ್ ತರಸಬ್ಯಾಡ್ರಿ, ನಮ್ಮ ತರಬೇತಿ ಆದ ಯಾವ ಊರಿಗಿ ಹೋದ್ರೂ ಒಂದು ಹೊರಿ ಸುಮ್ನೆ ಕೊಡ್ತಾರ, ಅವ್ರೂ ಹಂಗೇ ತಂದವ್ರು.

ಎಷ್ಟು ದಿನಕ್ಕ ಹಾಲು ಏರ್ತದ?

ಹಸಿ ಮೇವು, ನೀರು ಸರಿ ಆದ್ರ ವಾರ ಹದಿನೈದು ದಿನದಾಗ ಫರಕ್ ಕಾಣಸ್ತದ, ಈಗೇ ಈದ ದನಕ್ಕ ಜಾಸ್ತಿ, ಎಂಟು ತಿಂಗಳ ಹಿಂಡಿದ್ದಕ್ಕ ಏನೂ ಕಾಣಸಲ್ಲ. ಗಬ್ಬ ನಿಲ್ಲೋ ವಿಷಯಕ್ಕ ಎರಡು ಮೂರು ತಿಂಗಳ ತಾಳ್ರಿ. ಹಾಲು ಏರಲಿಲ್ಲ ಖರೆ, ಹಿಂಡಿ ಖರ್ಚು ಇಳದದ ಅಂದ್ರ ಅದೂ ಲಾಭನೇ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ.

ತರಬೇತಿಗಿ ಊಟ ಇರ್ತದಾ? ಬರುವಾಗ ಏನು ತರಬೇಕು?

ಚಾ ಇರ್ತದ, ಊಟದ ಹೊತ್ತಿಗಿ ಬಿಡ್ತೀವಿ. ಬರುವಾಗ ಒಂದು ಹಳೇ ಸೀರಿ ತರ್ರಿ, ಹೊಟ್ಟು ಕಟ್ಟಿ ತೂಗ್ಲಿಕ್ಕ. ತಕ್ಕಡಿ ನಾವು ತರ್ತೀವಿ.